ಸರಪಳಿ ಇಲ್ಲದ ಲೋಟ

2024ರ ಏಪ್ರಿಲ್. ಬೆಂಗಳೂರಿನ ಬಿಸಿಲು 37 ಡಿಗ್ರಿ ದಾಟಿತ್ತು. ಬೋರ್‌ವೆಲ್‌ಗಳು ಕೈಯೆತ್ತಿದ್ದವು. ನಮ್ಮ ಬೀದಿಯಲ್ಲಿ ನೆಂಟರಿಗಿಂತ ಟ್ಯಾಂಕರ್ ಡ್ರೈವರ್‌ಗೇ ಮರ್ಯಾದೆ ಜಾಸ್ತಿ. ಅಂಥ ಹೊತ್ತಲ್ಲಿ ನನಗೆ ಪುಣ್ಯ ಕಟ್ಟಿಕೊಳ್ಳುವ ಆಸೆ ಹುಟ್ಟಿತು. ಗೇಟಿನ ಮುಂದೆ ಒಂದು ಅರವಟ್ಟಿಗೆ ಇಡೋಣ ಅಂದೆ.

ಅಮ್ಮನಿಗೆ ಖುಷಿಯೋ ಖುಷಿ. ಶಿರಾ ಕಡೆಯವಳು, ನೀರಿನ ಬೆಲೆ ಗೊತ್ತು. ಅವಳ ಅಪ್ಪ ಬೇಸಿಗೆ ಪೂರ್ತಿ ಹೊಂಗೆ ಮರದ ಕೆಳಗೆ ಗುಡಾಣ ಇಟ್ಟು ದಾರಿಹೋಕರಿಗೆ ನೀರು ಕೊಡುತ್ತಿದ್ದರಂತೆ. "ಹಳೆಯ ಶಾಸನಗಳಲ್ಲೂ ಅರವಟ್ಟಿಗೆ ಇದೆ, ರಾಜರ ಕಾಲದ್ದು" ಅಂತ ನಾನೂ ಒಗ್ಗರಣೆ ಹಾಕಿದೆ. "ರಾಜರಿಗೆ ಟ್ಯಾಂಕರ್ ಬಿಲ್ ಬರ್ತಿರಲಿಲ್ಲ" ಅಂದಳು ಹೆಂಡತಿ.

ನಲ್ಲಿ ಇರುವ ಮಡಕೆ ತಂದೆ. ಕೆಳಗೆ ಒದ್ದೆ ಮರಳು, ಸುತ್ತ ಒದ್ದೆ ಬಟ್ಟೆ. ಸ್ಟೀಲ್ ಲೋಟಕ್ಕೆ ಸರಪಳಿ ಕಟ್ಟಲು ಹೋದಾಗ ಅಮ್ಮ ಸಿಡುಕಿದಳು. "ಲೋ, ನೀರು ಕೊಡೋರು ಲೋಟಕ್ಕೆ ಕೋಳ ಹಾಕ್ತಾರೇನೋ?" ಬಿಚ್ಚಿದೆ. ಸಂಜೆ ಹೊತ್ತಿಗೆ ಲೋಟ ಇರಲಿಲ್ಲ.

ಮಾರನೇ ದಿನ ಪ್ಲಾಸ್ಟಿಕ್ ಮಗ್ ಇಟ್ಟೆ. ಅದನ್ನು ಕಂಡವರು ಕುಡಿಯುವುದಿರಲಿ, ಬೇರೇನೋ ನೆನಪಾದವರಂತೆ ಬೇಗ ಬೇಗ ನಡೆದರು. ಮೂರನೇ ದಿನ ಮತ್ತೆ ಲೋಟ, ಜೊತೆಗೆ ಬೋರ್ಡು: 'ಕುಡಿಯುವ ನೀರು, ಉಚಿತ'. ಏಪ್ರಿಲ್ 26ಕ್ಕೆ ನಮ್ಮಲ್ಲಿ ಲೋಕಸಭೆ ಮತದಾನ. 'ಉಚಿತ' ಅಂದರೆ ಯಾರು ಸುಮ್ನೆ ಬಿಡುತ್ತಾರೆ? "ಯಾವ ಪಾರ್ಟಿ?" ಅಂತ ಮೊದಲು ಕೇಳಿ, ಆಮೇಲೆ ಕುಡಿಯುತ್ತಿದ್ದರು. ಯಾವುದೂ ಇಲ್ಲ ಅಂದರೆ ಅನುಮಾನ ಇನ್ನೂ ಜಾಸ್ತಿ. ಪಕ್ಕದ ಮನೆಯವರು ಗೇಟಿಗೆ ಒರಗಿ ಮೆಲ್ಲಗೆ, "ಕಾರ್ಪೊರೇಷನ್‌ಗೆ ನಿಲ್ಲೋ ಯೋಚನೆನಾ? ನಮಗಾದ್ರೂ ಹೇಳಬಾರದಾ?" ಅಂದರು.

ಒಂದು ಮಧ್ಯಾಹ್ನ ಒಬ್ಬ ಮಹಾನುಭಾವ ಮಡಕೆ ನೀರಿನಲ್ಲಿ ಬೈಕಿನ ಕನ್ನಡಿ ಒರೆಸಿದ, ಆಮೇಲೆ ಸೀಟು. ಉತ್ಸಾಹ ಹೆಚ್ಚಿ ಚಕ್ರಕ್ಕೆ ಇಳಿದ. ನಾನು ಬನಿಯನ್ನಲ್ಲೇ ಓಡಿ ಬಂದೆ. ಕುಡಿಯುವ ನೀರಲ್ಲಿ ಗಾಡಿ ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಮಾರ್ಚ್‌ನಲ್ಲೇ ಆದೇಶ ಹೊರಡಿಸಿತ್ತಲ್ಲ. ಅದನ್ನೇ ಹೇಳಿದೆ. ಆತ ಶಾಂತವಾಗಿ, "ನೀರು ನಿಮ್ಮದು ಸಾರ್, ದಂಡಾನೂ ನಿಮಗೇ ಅಲ್ವಾ?" ಅಂದು ಕಿಕ್ ಹೊಡೆದ.

ಹದಿನೇಳಕ್ಕೆ ರಾಮನವಮಿ. ಬರೀ ನೀರೇನು, ಪಾನಕವನ್ನೇ ಹಂಚೋಣ ಅಂದುಕೊಂಡೆವು. ಬೆಲ್ಲ ಕರಗಿಸಿ, ಶುಂಠಿ, ಏಲಕ್ಕಿ ಕುಟ್ಟಿ ಹಾಕಿ ದೊಡ್ಡ ಪಾತ್ರೆಯಲ್ಲಿ ಇಟ್ಟೆವು. ಕಾಳುಮೆಣಸಿನ ಪುಡಿ ಅಮ್ಮ ಹಾಕಿದಳು. ಅವಳು ಮರೆತಿರಬೇಕು ಅಂತ ಹೆಂಡತಿ ಹಾಕಿದಳು. ಇಬ್ಬರೂ ಮರೆತಿರಬೇಕು ಅಂತ ನಾನು, ಕೈ ಸ್ವಲ್ಪ ಧಾರಾಳ ಮಾಡಿಯೇ, ಹಾಕಿದೆ.

ಮೊದಲ ಗುಟುಕಿಗೆ ಕೊರಿಯರ್ ಹುಡುಗನ ಕಣ್ಣು ಕೆಂಪಾಯಿತು. ಎರಡನೆಯವರು ಕೆಮ್ಮುತ್ತಾ ಕಾಂಪೌಂಡ್ ಹಿಡಿದುಕೊಂಡರು. ಮೂರನೆಯವರು ದೇವರ ಪ್ರಸಾದ ಬೇಡ ಅನ್ನಲಾಗದೆ ಕಣ್ಣು ಮುಚ್ಚಿ ಗಟಗಟ ಕುಡಿದು, ಲೋಟ ಇಟ್ಟವರೇ ಮಡಕೆಯತ್ತ ಧಾವಿಸಿದರು. ಹದಿನೈದು ದಿನದಿಂದ ಜನ ಅನುಮಾನದಿಂದ ನೋಡುತ್ತಿದ್ದ ಮಡಕೆ ಅರ್ಧ ಗಂಟೆಯಲ್ಲಿ ಮೂರು ಸಲ ಖಾಲಿಯಾಯಿತು. ಅವತ್ತು ಯಾರೂ ಪಾರ್ಟಿ ಕೇಳಲಿಲ್ಲ. ಕೇಳಲು ಗಂಟಲು ಇರಲಿಲ್ಲ.

ಕಸ ಗುಡಿಸುವ ಅಕ್ಕ ಮಾತ್ರ ನಿಧಾನಕ್ಕೆ ಹೀರಿ, "ಗಂಟಲು ಕಟ್ಟಿತ್ತು, ಬಿಟ್ಕೊಳ್ತು. ಇನ್ನೊಂದು ಲೋಟ ಕೊಡಿ" ಅಂದಳು. ಹೆಂಡತಿ ಉಳಿದ ಪಾನಕವನ್ನು ಎರಡು ಬಾಟಲಿಗೆ ತುಂಬಿ ಅವಳ ಕೈಗಿತ್ತಳು.

ಕೊನೆಗೆ ಬಂದವಳು ಮೂಲೆಯ ಹೂವಿನವಳು. ಸೆರಗಿನ ಮರೆಯಿಂದ ನನ್ನ ಮೊದಲ ದಿನದ ಲೋಟ ತೆಗೆದಳು. ತಳದಲ್ಲಿ ಎರಡು ಮಲ್ಲಿಗೆ ಎಸಳು ಅಂಟಿದ್ದವು.

"ಯಾರಾದ್ರೂ ಕದ್ದುಬಿಟ್ಟಾರು ಅಂತ ಎತ್ತಿಟ್ಟಿದ್ದೆ ಅಣ್ಣ. ಹೂವಿಗೆ ನೀರು ಚಿಮುಕಿಸೋಕೆ ಅನುಕೂಲ ಆಯ್ತು" ಅಂದಳು. ಹೊರಟವಳು ಅಮ್ಮನ ಕಡೆ ತಿರುಗಿ, "ಅಮ್ಮಾ, ಅದಕ್ಕೊಂದು ಸರಪಳಿ ಹಾಕ್ಸಿ. ಕಾಲ ಕೆಟ್ಟಿದೆ."

ಅಮ್ಮ ಏನೂ ಹೇಳಲಿಲ್ಲ. ಲೋಟ ತೊಳೆದು ಮಡಕೆ ಮೇಲೆ ಬೋರಲು ಹಾಕಿ ಒಳಗೆ ಹೋದಳು.