ಅಳಿಸಬೇಕೆಂದಿದ್ದ ಫೋಟೊ

ಡಿಸೆಂಬರಿನ ಒಂದು ಭಾನುವಾರ ಊರಾಚೆಯ ಕೆರೆಯಂಗಳದಲ್ಲಿ ಬೋರಲು ಮಲಗಿ ಒಂದೇ ಹಕ್ಕಿಯ ಮೂವತ್ತೆರಡು ಫೋಟೊ ತೆಗೆದೆ. ಎಮ್ಮೆ ಹೊಡೆದುಕೊಂಡು ಬಂದ ಯಜಮಾನರೊಬ್ಬರು, "ಏನ್ ಸ್ವಾಮಿ, ಏನಾದ್ರೂ ಬಿದ್ದೋಯ್ತಾ?" ಅಂದರು. "ಹಕ್ಕಿ" ಅಂದೆ. ನೀರಂಚಿನ ಕಡೆ ಒಮ್ಮೆ ನೋಡಿ, "ಓ, ಅದಾ" ಅಂತ ಮುಂದೆ ಹೋದರು. ಅವರಿಗೆ ಅಲ್ಲಿಗೆ ಮುಗಿಯಿತು.

ನನಗೆ ಮನೆಗೆ ಬಂದ ಮೇಲೆ ಶುರುವಾಯಿತು. ಕಂದು ಬೆನ್ನು, ಬಿಳಿ ಹೊಟ್ಟೆ, ನೆಟ್ಟಗಿನ ಕೊಕ್ಕು. ಪುಸ್ತಕ ತೆರೆದರೆ ಇಂಥವೇ ಪುಟ ತುಂಬ. ಕನ್ನಡದಲ್ಲಿ ಗೊರವ ಅಂದು ಸುಮ್ಮನಾಗಬಹುದು, ಆದರೆ ಯಾವ ಗೊರವ? ಕಾಮನ್ ಸ್ಯಾಂಡ್‌ಪೈಪರ್ ಆಗಿದ್ದರೆ ಎದೆಯ ಪಕ್ಕದ ಬಿಳುಪು ರೆಕ್ಕೆಯ ಮುಂದೆ ಭುಜದ ತನಕ ಹತ್ತಿರಬೇಕಿತ್ತು. ಹತ್ತಿರಲಿಲ್ಲ. ಉಳಿದದ್ದು ಎರಡು: ವುಡ್ ಸ್ಯಾಂಡ್‌ಪೈಪರ್, ಗ್ರೀನ್ ಸ್ಯಾಂಡ್‌ಪೈಪರ್. ಈ ಹೆಸರಿಟ್ಟವರನ್ನು ಒಮ್ಮೆ ಭೇಟಿಯಾಗಬೇಕು. ದೂರದ ಉತ್ತರದ ಕಾಡುಗಳಲ್ಲಿ ಮರದ ಮೇಲಿನ ಹಳೇ ಗೂಡುಗಳಲ್ಲಿ ಮೊಟ್ಟೆಯಿಡುವುದು ಗ್ರೀನ್. ಹೆಚ್ಚಾಗಿ ನೆಲದಲ್ಲೇ ಇಡುವುದು ವುಡ್. ಇನ್ನು ಗ್ರೀನ್‌ನಲ್ಲಿ ಹಸಿರು ಹುಡುಕಹೊರಟರೆ ಕಣ್ಣು ನೋವು ಬರುತ್ತದೆ.

ವುಡ್‌ನ ಬಿಳಿ ಹುಬ್ಬು ಕಣ್ಣು ದಾಟಿ ಹಿಂದಕ್ಕೂ ಹೋಗುತ್ತದೆ, ಗ್ರೀನ್‌ನದು ಕಣ್ಣಿನ ಹತ್ತಿರವೇ ನಿಲ್ಲುತ್ತದೆ. ಸರಿ. ನನ್ನ ಹಕ್ಕಿಯ ಹುಬ್ಬು ಒಂಬತ್ತು ಫೋಟೊದಲ್ಲಿ ಕಣ್ಣು ದಾಟಿತ್ತು, ಆರರಲ್ಲಿ ದಾಟಿರಲಿಲ್ಲ, ಮಿಕ್ಕವುಗಳಲ್ಲಿ ಬಿಸಿಲು ಬಿದ್ದು ತಲೆಯೆಲ್ಲ ಬಿಳಿ. ಬೆನ್ನಿನ ಚುಕ್ಕೆ ವುಡ್‌ನಲ್ಲಿ ದಪ್ಪ, ಗ್ರೀನ್‌ನಲ್ಲಿ ಸಣ್ಣ. ಪಕ್ಕದಲ್ಲಿ ಇನ್ನೊಂದಿಲ್ಲದೆ ದಪ್ಪ ಯಾವುದು, ಸಣ್ಣ ಯಾವುದು? ಕಾಲು ವುಡ್‌ಗೆ ಹಳದಿ ಕಡೆ, ಗ್ರೀನ್‌ಗೆ ಹಸಿರು ಕಡೆ. ಈ ಮಹಾರಾಯ ಕಾಲಿಗೆ ಕೆಸರಿನ ಕಾಲುಚೀಲ ಹಾಕಿಕೊಂಡು ನಿಂತಿದ್ದ. ಕಾಫಿ ತಂದ ಹೆಂಡತಿ ಒಂದು ನಿಮಿಷ ನೋಡಿ, "ಎಲ್ಲಾ ಒಂದೇ ಫೋಟೊ ಅಲ್ವೇನ್ರೀ?" ಅಂದಳು.

ಮೂವತ್ತೆರಡನೆಯದನ್ನು ಅಳಿಸಲೆಂದೇ ತೆರೆದೆ. ಎಮ್ಮೆಗಳು ನೀರಿಗಿಳಿದಾಗ ಹಕ್ಕಿ ಹಾರಿದ್ದು, ಗಾಬರಿಯಲ್ಲಿ ಬೆರಳು ಒತ್ತಿದ್ದು. ತಲೆ ಚೌಕಟ್ಟಿನಾಚೆ. ಎಲ್ಲ ಮಸುಕು, ಮೂಲೆಯಲ್ಲಿ ಎಮ್ಮೆಯ ಕೊಂಬು. ಆದರೆ ಬಾಲದ ಬುಡ ಸುಣ್ಣ ಬಳಿದಂತೆ ಬಿಳಿ, ಎತ್ತಿದ ರೆಕ್ಕೆಯ ಅಡಿ ಕಪ್ಪು, ಒಲೆ ಮೇಲಿನ ಅಟ್ಟದಷ್ಟು ಕಪ್ಪು. ವುಡ್‌ಗೂ ಬುಡ ಬಿಳಿಯೇ, ಆದರೆ ರೆಕ್ಕೆಯಡಿ ಮಾಸಲು ಬಿಳುಪು. ಇದು ಗ್ರೀನ್! ಕೂತ ಹಕ್ಕಿ ಬಚ್ಚಿಟ್ಟುಕೊಂಡಿದ್ದನ್ನು ಹಾರುವ ಹಕ್ಕಿ ತೋರಿಸಿಬಿಟ್ಟಿತ್ತು. ಏಳುವಾಗ ಅದು ಕೂಗಿಯೂ ಇತ್ತು. ಎರಡರ ಕೂಗೂ ಬೇರೆ ಬೇರೆ. ಕೇಳಿಸಿಕೊಂಡಿದ್ದರೆ ಅಲ್ಲೇ ತೀರ್ಮಾನವಾಗುತ್ತಿತ್ತು. ನನ್ನ ಕಿವಿ ಕ್ಯಾಮೆರಾದ ಕಟಕಟ ಎಣಿಸುತ್ತಿತ್ತು.

ಗೆದ್ದ ಹುಮ್ಮಸ್ಸಿನಲ್ಲಿ ಹಳೇ ಫೋಲ್ಡರನ್ನೂ ತೆರೆದೆ. ಕೆಲವು ವರ್ಷದ ಹಿಂದೆ ಕುಮಟಾ ಪಕ್ಕದ ಅಘನಾಶಿನಿ ಅಳಿವೆಯಲ್ಲಿ ತೆಗೆದವು. ಇಳಿತದ ಕೆಸರಿನ ಮೇಲೆ ಸಾಲಾಗಿ ನಿಂತ ಹಕ್ಕಿಗಳಿಗೆ, ಕೊಕ್ಕಿನ ಉದ್ದ ಅಳೆದೂ ಅಳೆದೂ, ಇವು ಗ್ರೇಟರ್ ಸ್ಯಾಂಡ್ ಪ್ಲವರ್ ಅಲ್ಲ, ಅದರಂತೆಯೇ ಕಾಣುವ ಲೆಸ್ಸರ್ ಸ್ಯಾಂಡ್ ಪ್ಲವರ್ ಅಂತ ಹೆಸರು ಬರೆದಿಟ್ಟಿದ್ದೆ. ಅಷ್ಟರಲ್ಲಿ 2023ರಲ್ಲಿ ಆ ಲೆಸ್ಸರ್ ಮನೆಯೇ ಪಾಲಾಗಿತ್ತು, ಪಕ್ಷಿತಜ್ಞರು ಅದನ್ನು ಎರಡು ಬೇರೆ ಜಾತಿ ಮಾಡಿದ್ದರು: ಸೈಬೀರಿಯನ್ ಒಂದು, ಟಿಬೆಟನ್ ಒಂದು. ಚಳಿಗಾಲದ ಬೂದು ಬಣ್ಣದಲ್ಲಿ ಇವನ್ನು ಬಿಡಿಸಿ ಹೇಳುವುದು ಬಲ್ಲವರಿಗೂ ಕಷ್ಟ. ನನ್ನ ಫೋಟೊಗಳೋ, ಎಲ್ಲವೂ ಚೊಕ್ಕ, ಎಲ್ಲವೂ ಅಲುಗದೆ ನಿಂತವು.

ಮತ್ತೆ ಕುಮಟಾಕ್ಕೆ ಹೋಗಬೇಕು. ಅಳಿವೆಯ ಕೆಸರಿಗೆ ಎಮ್ಮೆ ಇಳಿಯುತ್ತದೋ ಇಲ್ಲವೋ.