ಗದ್ಗದಕ್ಕೆ ಎಷ್ಟು ವ್ಯಾಟ್ ಬೇಕು?

ಬೆಂಗಳೂರಿನಲ್ಲಿ ಈಗ ಭಾವುಕರಾಗುವುದಕ್ಕೂ ಬಜೆಟ್ ಬೇಕು. ಹಿಂದೆ ಹಾಡು ಕೇಳಿ ಕಣ್ಣು ಒದ್ದೆಯಾದರೆ ಹಾಡಿದವರನ್ನು ಹೊಗಳುತ್ತಿದ್ದರು. ಈಗ ಆಂಪ್ಲಿಫೈಯರನ್ನು ಹೊಗಳುತ್ತಾರೆ. 'ಯಾರನ್ನು ಕೇಳ್ತೀರಿ?' ಎಂದು ವಿಚಾರಿಸಿದರೆ ನಿಮ್ಮನ್ನು ಕನಿಕರದಿಂದ ನೋಡುತ್ತಾರೆ. 'ಯಾವುದರಲ್ಲಿ ಕೇಳ್ತೀರಿ?' ಎನ್ನಬೇಕು. ಆಗ ಎದುರಿನವರ ಮುಖ ಅರಳುತ್ತದೆ. ಡ್ಯಾಕ್, ಪ್ರೀಆಂಪ್, ಪವರ್ ಆಂಪ್, ಸ್ಪೀಕರ್, ಕೇಬಲ್ ಎಂದು ಒಂದೊಂದರ ಹೆಸರು, ಮಾಡೆಲ್, ತರಿಸಿದ ದೇಶ ಹೇಳಿ ಮುಗಿಸುವಷ್ಟರಲ್ಲಿ ಕಾಫಿ ಆರಿರುತ್ತದೆ. ಹಾಡಿನ ಸುದ್ದಿ ಇನ್ನೂ ಬಂದಿರುವುದಿಲ್ಲ.

ನಮ್ಮ ಬಡಾವಣೆಯ ರಸಿಕರೊಬ್ಬರಿಗೆ ಇದೇ ಕೊರಗು. ಸಾಫ್ಟ್‌ವೇರ್ ಕಂಪನಿಯಲ್ಲಿ ದೊಡ್ಡ ಹುದ್ದೆ, ಮನೆಯಲ್ಲಿ ಎಲ್ಲ ಸುಖವಾಗಿದೆ, ಆದರೆ ಸಂಗೀತ ಕೇಳುವಾಗ 'ಎಮೋಷನಲ್ ಎಂಗೇಜ್‌ಮೆಂಟ್' ಸಾಲುತ್ತಿಲ್ಲವಂತೆ. ಹಾಗೆಂದು ಅವರಿಗೆ ಹೇಳಿದ್ದು ಅವರ ಮನಸ್ಸಲ್ಲ, ಅಂಗಡಿಯವನು.

ಆ ಅಂಗಡಿಯ ಡೆಮೊ ರೂಮ್ ನೋಡತಕ್ಕ ಸ್ಥಳ. ಚಪ್ಪಲಿ ಹೊರಗೆ ಬಿಡಬೇಕು. ಒಳಗೆ ಮಬ್ಬು ಬೆಳಕು, ಗೋಡೆಗೆಲ್ಲ ಮೆತ್ತೆ, ಆಳೆತ್ತರದ ಎರಡು ಸ್ಪೀಕರು, ನಡುವೆ ಮಿಣುಕುವ ನೀಲಿ ದೀಪ. ಕೂರಲು ಒಂದೇ ಕುರ್ಚಿ. ಎರಡೂ ಸ್ಪೀಕರಿಗೆ ಸಮದೂರದಲ್ಲಿರುವ ಆ ಜಾಗದ ಹೆಸರು ಸ್ವೀಟ್ ಸ್ಪಾಟ್. ಭಾವ ಬರುವುದು ಅಲ್ಲಿ ಮಾತ್ರ. ಪಕ್ಕದ ಸ್ಟೂಲಿನಲ್ಲಿ ಕೂತ ಹೆಂಡತಿಗೆ ಬರುವುದು ಬರೀ ಸದ್ದು. ಮೊದಲು ಒಂದು ಡ್ರಮ್ ಸೋಲೋ ಹಾಕಿದರು. ಆಮೇಲೆ ಯಾವುದೋ ದೇಶದ ಹೆಂಗಸು ಗಿಟಾರಿನ ಜೊತೆ ಪಿಸುಗುಟ್ಟಿದಳು. ತುಟಿ ಬಿಡಿಸಿದ ಸದ್ದೂ ಕೇಳಿಸಿತು. 'ಗೂಸ್‌ಬಂಪ್ಸ್ ಬಂತಾ ಸಾರ್?' ಎಂದರು. ಏಸಿ 18ರಲ್ಲಿತ್ತು, ನನಗೂ ಬಂದಿತ್ತು.

'ಪಿ. ಕಾಳಿಂಗರಾಯರದ್ದು ಏನಾದರೂ ಹಾಕ್ತೀರಾ?' ಎಂದೆ. ಅಂಗಡಿಯ ಹುಡುಗ ಪಾಪ, ತುಂಬ ಮರ್ಯಾದಸ್ಥ. 'ಸಾರ್, ಆ ರೆಕಾರ್ಡಿಂಗು ಈ ಸಿಸ್ಟಂಗೆ ನ್ಯಾಯ ಒದಗಿಸಲ್ಲ' ಎಂದ. ಕಾಳಿಂಗರಾಯರು ಆ ಸ್ಪೀಕರಿನ ಮುಂದೆ ಆಡಿಷನ್‌ನಲ್ಲೇ ಫೇಲು.

ಅಲ್ಲಿಂದ ಕೇಬಲ್ ಅಧ್ಯಾಯ. ಗೋಡೆಯ ಸಾಕೆಟ್ಟಿನಿಂದ ಆಂಪ್ಲಿಫೈಯರಿಗೆ ಹೋಗುವ ಒಂದೂವರೆ ಮೀಟರಿನ ಪವರ್ ಕೇಬಲ್ಲಿಗೆ ಅವರು ಹೇಳಿದ ಬೆಲೆಗೆ ಒಂದು ಸ್ಕೂಟರ್ ಬರುತ್ತಿತ್ತು, ಹೆಲ್ಮೆಟ್ ಸಮೇತ. ಇದು ಕರೆಂಟನ್ನು ಶುದ್ಧ ಮಾಡುತ್ತದಂತೆ. ನಮ್ಮ ನಾಡಿನ ಕರೆಂಟಿನ ಚರಿತ್ರೆ ಸಣ್ಣದೇನಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿ ದೀಪ ಬೆಳಗಿತು. ಇವತ್ತು ಶರಾವತಿಯಿಂದಲೋ ರಾಯಚೂರಿನಿಂದಲೋ ಹೊರಟು, ಕಾಡು ಗುಡ್ಡ ದಾಟಿ, ನೂರಾರು ಕಿಲೋಮೀಟರ್ ಅಲ್ಯೂಮಿನಿಯಂ ತಂತಿಯಲ್ಲಿ ಬಂದು, ಬೀದಿ ಮೂಲೆಯ ಟ್ರಾನ್ಸ್‌ಫಾರ್ಮರಿನಲ್ಲಿ ಇಳಿದು, ಬಿಲ್ಡರ್ ಆರಿಸಿದ ಅತಿ ಅಗ್ಗದ ವೈರಿನಲ್ಲಿ ಗೋಡೆಯೊಳಗೆ ತೂರಿ ಸಾಕೆಟ್ಟಿಗೆ ಮುಟ್ಟುತ್ತದೆ. ಇಷ್ಟು ದೂರ ಕಳಂಕ ಹೊತ್ತು ಬಂದದ್ದು ಕೊನೆಯ ಒಂದೂವರೆ ಮೀಟರಿನಲ್ಲಿ ಪುನೀತವಾಗುತ್ತದೆ.

ಆಂಪ್ಲಿಫೈಯರಿನ ಹೊಟ್ಟೆಯಲ್ಲಿರುವ ಟ್ರಾನ್ಸ್‌ಫಾರ್ಮರು, ರೆಕ್ಟಿಫೈಯರು, ಕೆಪಾಸಿಟರುಗಳು ಆ 230 ವೋಲ್ಟಿನ ಏಸಿಯನ್ನು ಡಿಸಿ ಮಾಡುವುದೂ, ತೊಳೆದು ಬಳಿಯುವ ಕೆಲಸ ನಡೆಯುವುದೂ ಅಲ್ಲೇ ಎಂದು ನಾನು ಗೊಣಗಿದೆ. 'ಇಂಜಿನಿಯರುಗಳ ಹಾಗೆ ಮಾತಾಡಬೇಡಿ, ಕಿವಿಯಿಂದ ಕೇಳಿ' ಎಂದರು ರಸಿಕರು. ಅವರೇ ಇಂಜಿನಿಯರು. ಅಂಗಡಿಯವರು ಬೆಳ್ಳಿ ಲೇಪದ ಸ್ಪೀಕರ್ ವೈರನ್ನೂ ತೋರಿಸಿದರು. ಬೆಳ್ಳಿಯಲ್ಲಿ ವಿದ್ಯುತ್ತು ತಾಮ್ರಕ್ಕಿಂತ ನೂರಕ್ಕೆ ಐದಾರು ಪಾಲು ಸಲೀಸಾಗಿ ಹರಿಯುವುದು ನಿಜವೇ, ಎಸ್.ಪಿ. ರೋಡಿನಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ತಾಮ್ರದ ವೈರನ್ನೇ ಒಂದು ಸೈಜು ದಪ್ಪ ತಂದರೆ ಆ ಬಾಕಿ ಚುಕ್ತಾ. ಆದರೆ ಆ ಅಂಗಡಿಯಲ್ಲಿ ಕುರ್ಚಿ ಹಾಕಿ ಯಾರೂ ಕೂರಿಸುವುದಿಲ್ಲ. ಹಳೇ ಪೇಪರಿನಲ್ಲಿ ಸುತ್ತಿ ಕೊಡುತ್ತಾರೆ, ಅಂಥ ವೈರಿನಲ್ಲಿ ಭಾವ ಹರಿಯುವುದುಂಟೇ?

ಜಪಾನಿನಲ್ಲಿ ಸಂಗೀತದ ಸಲುವಾಗಿಯೇ ಮನೆ ಮುಂದೆ ಸ್ವಂತ ಕರೆಂಟ್ ಕಂಬ ನೆಡಿಸಿಕೊಂಡವರಿದ್ದಾರೆ. ಈ ಸುದ್ದಿ ನಮ್ಮ ರಸಿಕರ ಕಿವಿಗೆ ಬೀಳದಂತೆ ನೋಡಿಕೊಂಡಿದ್ದೇನೆ. ನಮ್ಮ ಬೀದಿಯ ಕಂಬ ಈಗಾಗಲೇ ಇಂಟರ್‌ನೆಟ್ ವೈರಿನ ಸಿಂಬೆ, ಪೀಜಿ ಬೋರ್ಡು, ಪೈಲ್ಸ್ ಚಿಕಿತ್ಸೆಯ ಜಾಹೀರಾತು ಹೊತ್ತು ಬಾಗಿದೆ.

ಉಳಿದ ಸಲಕರಣೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೇಬಲ್ ನೆಲಕ್ಕೆ ತಾಗದಂತೆ ಎತ್ತಿ ಹಿಡಿಯುವ ಪಿಂಗಾಣಿ ಕಾಲುಗಳುಂಟು. ತಿರುಗಿಸಿ ಹಾಕಿದರೆ ರಾಗ ಕೆಡುವ ಫ್ಯೂಸುಂಟು. ಹೊಸ ಪೆಟ್ಟಿಗೆ 'ಬರ್ನ್-ಇನ್' ಆಗಲು, ಎಂದರೆ ಪಳಗಲು, ನೂರಾರು ಗಂಟೆ ಓಡಬೇಕೆಂಬ ನಿಯಮವೂ ಉಂಟು. ಅಷ್ಟರಲ್ಲಿ ವಾಪಸ್ ಕೊಡುವ ಗಡುವು ಮುಗಿದಿರುತ್ತದೆ ಎಂಬುದು ಕಾಕತಾಳೀಯವಿರಬೇಕು.

ಇನ್ನು ವ್ಯಾಟು. 88 ಡೆಸಿಬೆಲ್ ಸೆನ್ಸಿಟಿವಿಟಿಯ ಸಾಮಾನ್ಯ ಸ್ಪೀಕರಿಗೆ ಒಂದೇ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 88 ಡೆಸಿಬೆಲ್ ಸದ್ದು. ಮಿಕ್ಸಿಯಲ್ಲಿ ಚಟ್ನಿ ರುಬ್ಬಿದಷ್ಟು. ಅದಕ್ಕಿಂತ ಮೂರು ಡೆಸಿಬೆಲ್ ಏರಬೇಕಾದರೆ ವ್ಯಾಟು ದುಪ್ಪಟ್ಟಾಗಬೇಕು. ಎಂದರೆ ಮನೆಯಲ್ಲಿ ಕೂತು ಕರಗಿ ನೀರಾಗಲು ಒಂದೆರಡು ವ್ಯಾಟ್ ಸಾಕು, ಮೇಳದ ಅಬ್ಬರಕ್ಕೆ ಇನ್ನಷ್ಟು ಕೈಯಲ್ಲಿದ್ದರೆ ಆಯಿತು. ಇದನ್ನು ಅರಿತ ಒಂದು ಪಂಗಡ 300ಬಿ ಎಂಬ ಗಾಜಿನ ವಾಲ್ವ್ ಹಾಕಿದ ಎಂಟು ವ್ಯಾಟಿನ ಆಂಪ್ಲಿಫೈಯರಿಗೆ ಲಕ್ಷಗಟ್ಟಲೆ ಸುರಿಯುತ್ತದೆ. ಇನ್ನೊಂದು ಪಂಗಡ ನಾನೂರು ವ್ಯಾಟಿನದನ್ನು ಇಬ್ಬರು ಕೂಲಿಗಳಿಂದ ಹೊರಿಸಿ ತಂದು ವಾಲ್ಯೂಮಿನ ಗುಂಡಿಯನ್ನು ಎಂಟು ಗಂಟೆಯ ಗೆರೆಯಲ್ಲಿ, ಎಂದರೆ ಬಲು ತಗ್ಗಿನಲ್ಲಿ, ಇಟ್ಟು ಕೇಳುತ್ತದೆ. ದ್ವೈತ-ಅದ್ವೈತದ ಜಗಳವಾದರೂ ಒಂದು ದಿನ ಇತ್ಯರ್ಥವಾದೀತು, ಇವರದ್ದು ಆಗಲಿಕ್ಕಿಲ್ಲ.

ನಿಜಕ್ಕೂ ಸದ್ದನ್ನು ಕೆಡಿಸುವುದು ಕೋಣೆ. ಅದರ ಬಗ್ಗೆ ಮಾತ್ರ ಎಲ್ಲರೂ ಮೌನ, ಯಾಕೆಂದರೆ ಅದರಲ್ಲಿ ಯಾರಿಗೂ ಕಮಿಷನ್ ಇಲ್ಲ. ನಮ್ಮ ಫ್ಲಾಟುಗಳ ಹಾಲ್ ನೋಡಿ: ಕೆಳಗೆ ವಿಟ್ರಿಫೈಡ್ ಟೈಲ್ಸು, ಒಂದು ಕಡೆ ಉದ್ದಕ್ಕೂ ಗಾಜು, ಉಳಿದ ಕಡೆ ಬೋಳು ಗೋಡೆ. ಚಪ್ಪಾಳೆ ತಟ್ಟಿದರೆ ಜಣ್ ಎನ್ನುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಎದುರುಬದುರು ಗೋಡೆಗಳ ನಡುವೆ 3.43 ಮೀಟರ್ ಇದ್ದರೆ 50 ಹರ್ಟ್ಸಿನ ತಗ್ಗು ನಾದ ಅಲ್ಲಿಗೆ ಸರಿಯಾಗಿ ಸಿಕ್ಕಿಕೊಳ್ಳುತ್ತದೆ. ಗೋಡೆಗೆ ಒರಗಿ ಕೂತವರಿಗೆ ಊದಿಕೊಂಡು ಕೇಳುತ್ತದೆ, ನಟ್ಟನಡುವೆ ಕೂತವರಿಗೆ ಮಾಯ. ಸೋಫಾವನ್ನು ಎರಡಡಿ ಆಚೀಚೆ ಎಳೆದರೆ ಆಗುವಷ್ಟು ವ್ಯತ್ಯಾಸ ಯಾವ ಕೇಬಲ್ಲಿನಿಂದಲೂ ಆಗುವುದಿಲ್ಲ. ನೆಲಕ್ಕೆ ಅಜ್ಜಿ ಕಾಲದ ಜಮಖಾನ, ಗೋಡೆಗೆ ಅವೆನ್ಯೂ ರೋಡಿನ ಹಳೇ ಪುಸ್ತಕ ತುಂಬಿದ ಕಪಾಟು ಬಂದರೆ ಜಣಜಣ ಅರ್ಧ ಇಳಿಯುತ್ತದೆ. ಇದನ್ನು ಹೇಳಿದ್ದಕ್ಕೆ ರಸಿಕರ ಮನೆಯಾಕೆ ನನ್ನನ್ನು ಮೊದಲ ಸಲ ಗೌರವದಿಂದ ನೋಡಿದರು. ರಸಿಕರು ಮಾತ್ರ ಇಂಟೀರಿಯರ್ ಹಾಳಾಗುತ್ತದೆ ಎಂದರು.

ಅವರಿಗೆ ಬೇಕಾದದ್ದು 'ಬ್ಲ್ಯಾಕ್ ಬ್ಯಾಕ್‌ಗ್ರೌಂಡ್'. ಸ್ವರಗಳ ನಡುವಿನ ಕಡುಮೌನ. 1982ರಲ್ಲಿ ಬಂದ ಬಡಪಾಯಿ ಸೀಡಿಯೇ ಅತಿ ಮೆಲು ಸದ್ದಿಗೂ ಅತಿ ಜೋರಿಗೂ ನಡುವೆ 96 ಡೆಸಿಬೆಲ್ ಅಂತರ ಕೊಡುತ್ತದೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಈ ನಿಯಮ ನಮ್ಮ ಬೀದಿಯ ವಾಟರ್ ಟ್ಯಾಂಕರಿಗೆ ಯಾರೂ ತಿಳಿಸಿಲ್ಲ. ರಸಿಕರು ಆಲಾಪ ಹಾಕಿ ಕಣ್ಣು ಮುಚ್ಚುವುದಕ್ಕೂ, ಟ್ಯಾಂಕರು ರಿವರ್ಸಿನಲ್ಲಿ ಕೀಂಕೀಂ ಎನ್ನುವುದಕ್ಕೂ, ಮೇಲಿನ ಮನೆಯವರು ಗ್ರಾನೈಟ್ ಕೊರೆಸುವುದಕ್ಕೂ ಸಮ ಬೀಳುತ್ತದೆ. ಸೀಡಿ ಸಾಲದೆಂದು ಅವರು 192 ಕಿಲೋಹರ್ಟ್ಸಿನ, ಎಂದರೆ ಸೆಕೆಂಡಿಗೆ 1,92,000 ಸಲ ಸದ್ದನ್ನು ಅಳೆದಿಟ್ಟ, ಹೈ-ರೆಸ್ ಫೈಲು ಇಳಿಸುತ್ತಾರೆ. ಅದರ ಅರ್ಧ, 96 ಕಿಲೋಹರ್ಟ್ಸಿನವರೆಗಿನ ಸದ್ದು ಅದರಲ್ಲಿ ಹಿಡಿಯುತ್ತದೆ. ಮನುಷ್ಯನ ಕಿವಿ ಎಳೆಯದಾಗಿದ್ದಾಗಲೇ 20ಕ್ಕೆ ನಿಲ್ಲುತ್ತದೆ, ಇಎಂಐ ಕಟ್ಟುವ ತಾಕತ್ತು ಬರುವ ವಯಸ್ಸಿಗೆ ಅದೂ ಇರುವುದಿಲ್ಲ. ಮಿಕ್ಕಿದ್ದರಲ್ಲಿ ಒಂದಿಷ್ಟು ಪಕ್ಕದ ಮನೆ ನಾಯಿಗೆ ಕೇಳೀತು. ಅದು ಬೊಗಳುವುದು ಮೆಚ್ಚುಗೆಯೋ ಆಕ್ಷೇಪವೋ ತಿಳಿದಿಲ್ಲ.

ಇದೇ ಊರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಕಚೇರಿಗಳು ನಡೆಯುತ್ತ ಬಂದಿವೆ. ಮಂಡಳಿ ಶುರುವಾದದ್ದು 1939ರಲ್ಲಿ. ಪೆಂಡಾಲು, ಸೆಕೆ, ಸೊಳ್ಳೆ, ಆಚೆ ಬಸ್ಸಿನ ಹಾರನ್ನು. ಸ್ವೀಟ್ ಸ್ಪಾಟ್ ಎಂದರೆ ಫ್ಯಾನಿನ ಕೆಳಗಿನ ಕುರ್ಚಿ. ಅಲ್ಲಿ ತೊಡೆ ತಟ್ಟುತ್ತ ತಾಳ ಹಾಕುವವರ ಕಣ್ಣಂಚು ಒದ್ದೆಯಾಗುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಒಬ್ಬರೂ ಎದ್ದು ಬಂದು ಮೈಕಿನ ವೈರು ಯಾವ ಕಂಪನಿಯದೆಂದು ಕೇಳಿದ್ದಿಲ್ಲ. ಮೈಕೇ ಇಲ್ಲದ ಕಾಲದಲ್ಲಿ ಹಿಂದಿನ ಸಾಲಿನವರಿಗೂ ಕೇಳಲೆಂದು ಮೈಸೂರಿನ ಟಿ. ಚೌಡಯ್ಯನವರು ಪಿಟೀಲಿಗೆ ಮೂರು ತಂತಿ ಸೇರಿಸಿ ಏಳು ಮಾಡಿಕೊಂಡರು. ಅಪ್‌ಗ್ರೇಡ್ ಎಂದರೆ ಅದು. ಮಾಡಿದ್ದು ನುಡಿಸುವವರು, ಖರ್ಚು ಮೂರು ತಂತಿ. ಗ್ರಾಮಫೋನಿನ ಕಾಲದಲ್ಲಿ ಮಲ್ಲಿಕಾರ್ಜುನ ಮನಸೂರರು ಒಂದು ಮಗ್ಗುಲಿಗೆ ಮೂರು ಚಿಲ್ಲರೆ ನಿಮಿಷದ ತಟ್ಟೆಯಲ್ಲಿ ರಾಗ ಹಿಡಿದಿಟ್ಟರು, ಅದೂ ಕರಕರ ಸದ್ದಿನ ನಡುವೆ. ಡೆಮೊ ರೂಮಿನ ಹುಡುಗನ ಪ್ರಕಾರ ಇವೂ ಸಿಸ್ಟಂಗೆ ಅನ್ಯಾಯವೇ.

ಕೊನೆಗೆ ರಸಿಕರು ಕೇಬಲ್ ತಂದರು. ಅವರ ಮಗಳು, ಪಿಯುಸಿ, ಒಂದು ಸಲಹೆ ಕೊಟ್ಟಳು: 'ಅಪ್ಪಾ, ಕಣ್ಣಿಗೆ ಬಟ್ಟೆ ಕಟ್ಟಿಕೋ. ನಾನು ಹಳೇದು ಹೊಸದು ಬದಲಾಯಿಸ್ತೀನಿ, ಯಾವುದು ಯಾವುದು ಅಂತ ನೀನು ಹೇಳು.' ಪರೀಕ್ಷೆಯ ಒತ್ತಡದಲ್ಲಿ ಕಿವಿಯ ಸೂಕ್ಷ್ಮ ಹೋಗಿಬಿಡುತ್ತದೆ, ಹಾಗೆಲ್ಲ ಮಾಡಬಾರದು ಎಂದರು ಅಪ್ಪ. ಸೀಇಟಿ ಹೊಸ್ತಿಲಲ್ಲಿದ್ದ ಹುಡುಗಿ ಈ ಮಾತನ್ನು ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದಾಳೆ.

ಎಂಗೇಜ್‌ಮೆಂಟ್ ಮಾತ್ರ ಇನ್ನೂ ಸಾಲದು. ತಪ್ಪು ಊರಿನದು ಎಂದು ಅವರಿಗೀಗ ಖಾತ್ರಿಯಾಗಿದೆ. ಊರಾಚೆ ನಿಶ್ಶಬ್ದದಲ್ಲಿ ಸೈಟು ಕೊಂಡು, ಸಂಗೀತಕ್ಕೆಂದೇ ಒಂದು ಕೋಣೆ ಕಟ್ಟಿಸುವ ಯೋಚನೆ. ಕನಕಪುರ ರಸ್ತೆಯ ಕಡೆ ಒಂದನ್ನು ನೋಡಿ ಬಂದೆವು. ಹುಣಸೆ ಮರ, ಕೊಕ್ಕರೆ, ಗಾಳಿ, ಬೇರೆ ಸದ್ದಿಲ್ಲ. ಬ್ರೋಕರು ಸೀಮೆಸುಣ್ಣದ ಗೆರೆಯ ಮೇಲೆ ನಿಂತು, 'ಈಗಲೇ ಅಡ್ವಾನ್ಸ್ ಕೊಟ್ಟುಬಿಡಿ ಸಾರ್, ಎದುರಿಗೆ ನೂರಡಿ ರೋಡ್ ಬರುತ್ತೆ, ಪಕ್ಕದಲ್ಲೇ ಕನ್ವೆನ್ಷನ್ ಹಾಲ್' ಎಂದ.