ಹಗಲಲ್ಲೂ ಬ್ಯಾಟರಿಗೆ ಬಿಡುವಿಲ್ಲ
ಕ್ಯಾಂಪರ್ ವ್ಯಾನಿನ (ಮಲಗಿ, ಅಡುಗೆ ಮಾಡಿಕೊಂಡು ಸುತ್ತುವ ಗಾಡಿ) ಸೋಲಾರ್ ಬಗ್ಗೆ ನಿಮ್ಮ ಬರಹದಲ್ಲಿ, ಬಿಸಿಲಿದ್ದಾಗ ಲೋಡೆಲ್ಲ, ಅಂದರೆ ಕರೆಂಟ್ ಬಳಕೆಯೆಲ್ಲ, ಪ್ಯಾನೆಲ್ ಮೇಲೆ, ಕತ್ತಲಾದ ಮೇಲಷ್ಟೇ ಬ್ಯಾಟರಿ ಮೇಲೆ ಎಂದು ಬರೆದಿದ್ದೀರಿ. ಇದನ್ನು ಒಪ್ಪುವುದಿಲ್ಲ. ಇಂಥ ವ್ಯಾನಿನಲ್ಲಿ ಸೋಲಾರ್ ಕಂಟ್ರೋಲರ್ (ಪ್ಯಾನೆಲ್‌ನ ಕರೆಂಟನ್ನು ಹದಕ್ಕೆ ತರುವ ಪೆಟ್ಟಿಗೆ), ಬ್ಯಾಟರಿ, ಇನ್ವರ್ಟರ್ ಮೂರರ ವೈರೂ ಒಂದೇ ಕಡೆ ಸೇರಿರುತ್ತವೆ, ಪ್ಯಾನೆಲ್ ಕೈಲಾದಷ್ಟು ಕೊಡುತ್ತದೆ, ಸಾಲದ್ದನ್ನು ಬ್ಯಾಟರಿ ತುಂಬುತ್ತದೆ, ಮಿಕ್ಕಿದರೆ ಅದು ಬ್ಯಾಟರಿಗೇ ಹೋಗುತ್ತದೆ. ಕೋಲಾರದ ಅಂತರಗಂಗೆ ಬೆಟ್ಟದ ಕೆಳಗೆ ಗಾಡಿ ನಿಲ್ಲಿಸಿದ್ದೆವು. ಮಟಮಟ ಮಧ್ಯಾಹ್ನ ನಮ್ಮ 400 ವ್ಯಾಟಿನ ಪ್ಯಾನೆಲ್‌ನಿಂದ ಬರುತ್ತಿದ್ದದ್ದು 23 ಆಂಪಿಯರ್, ಅನ್ನಕ್ಕೆ ಇಂಡಕ್ಷನ್ ಒಲೆ ಹಾಕಿದ ತಕ್ಷಣ 12 ವೋಲ್ಟಿನ ಬ್ಯಾಟರಿಯಿಂದ 80 ಆಂಪಿಯರ್ ಹೋಗುವುದನ್ನು ಮೀಟರಿನಲ್ಲೇ ನೋಡಿದೆ. ಪ್ಯಾನೆಲ್ ಮೇಲೆ ಹುಣಸೆ ಮರದ ನೆರಳಿದ್ದರೆ ಬ್ಯಾಟರಿಯಿಂದ ಹೋಗುವುದು ಇನ್ನೂ ಜಾಸ್ತಿ, ಅಲ್ವಾ? ಹಗಲಲ್ಲಿ ಬ್ಯಾಟರಿಗೆ ಕೆಲಸವಿಲ್ಲ ಅಂದುಕೊಂಡು ಯಾರಾದರೂ ತೆಳು ವೈರ್ ಎಳೆಸಿದರೆ ಅದು ಕಾದು ಬೆಂಕಿ ಹತ್ತಬಹುದು. ದಯವಿಟ್ಟು ಆ ಸಾಲು ತಿದ್ದಿ.